ಅಪ್ಪನ ಚಿನ್ನದ ವಾಚು

ನನಗೆ ಕಲ್ಕತ್ತೆಗೆ ವರ್ಗವಾದದ್ದು 1994ರಲ್ಲಿ. ಆಫೀಸು ಡಾಲ್‌ಹೌಸಿ ಚೌಕದ ಹತ್ತಿರ. ಲಾಲ್‌ಬಜಾರಿನ ಕಡೆ ನಾಲ್ಕು ಹೆಜ್ಜೆ ಹಾಕಿದರೆ ರಾಧಾಬಜಾರ್. ನಮ್ಮ ಅವೆನ್ಯೂ ರಸ್ತೆಯಂಥದೇ ಇಕ್ಕಟ್ಟು ಬೀದಿ, ಎಲ್ಲಿ ನೋಡಿದರೂ ಗಡಿಯಾರದ ಅಂಗಡಿ. ಅಪ್ಪನ ಒಮೇಗಾ ಸೀಮಾಸ್ಟರ್ ನಿಂತುಹೋಗಿತ್ತು. ಒಂದು ಮಧ್ಯಾಹ್ನ ಅಲ್ಲಿಗೆ ಒಯ್ದೆ.

ಆ ವಾಚು ಮದುವೆಯಲ್ಲಿ ಅಪ್ಪನಿಗೆ ಮಾವನ ಮನೆಯವರು ಕೊಟ್ಟದ್ದು. ಮನೆಯಲ್ಲಿ ಅದರ ಹೆಸರೇ 'ಚಿನ್ನದ ವಾಚು'. ಪಾಲಿನ ಪಟ್ಟಿಯಲ್ಲೂ ಹಾಗೇ ಬರೆದಿದ್ದರು. ವಾಚು ನನಗೆ, ಬೆಳ್ಳಿ ಪಾತ್ರೆ ತಮ್ಮನಿಗೆ. ಚಿನ್ನವೆಲ್ಲ ಅಣ್ಣನಿಗೇ ಹೋಯಿತು ಅಂತ ಅವನು ಮಾತು ಬಿಟ್ಟ.

ರಿಪೇರಿಯ ಮುದುಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂದಿನ ಮುಚ್ಚಳ ಬಿಚ್ಚಿದ. 'ಸೋನಾ ನೋಯ್. ಸೋನಾರ್ ಜೋಲ್' ಅಂದ. ಚಿನ್ನವಲ್ಲ, ಚಿನ್ನದ ನೀರು.

ನಾನು ಒಪ್ಪಲಿಲ್ಲ. ಆತ ಬೇಸರಪಡದೆ ತೋರಿಸಿದ. ಒಂದೇ ಮಾದರಿ ಸ್ಟೀಲಿನಲ್ಲೂ ಬರುತ್ತಿತ್ತು, ಸ್ಟೀಲಿನ ಮೇಲೆ ಚಿನ್ನದ ತಗಡು ಹೊದಿಸಿದ್ದೂ ಬರುತ್ತಿತ್ತು, ಬರೀ ಮುಲಾಮಿನದೂ, ಪೂರಾ ಚಿನ್ನದ್ದೂ ಇತ್ತು. ಮುಖ ನೋಡಿ ಹೇಳುವಂತಿಲ್ಲ. ಡಯಲ್ಲಿಗೆ ಹೊಸ ಬಣ್ಣ ಬಳಿಯುವವರು ಇದೇ ಬೀದಿಯಲ್ಲಿದ್ದಾರೆ. ಮೆಷಿನಿನ ನಂಬರು ಹುಟ್ಟಿದ ವರ್ಷದ ಅಂದಾಜು ಕೊಡುತ್ತದೆ ಅಷ್ಟೆ. ಕೇಸಿನ ಜಾತಕ ಇರುವುದು ಮುಚ್ಚಳದ ಒಳಗೆ. 18 ಕ್ಯಾರೆಟ್ಟಾದರೆ 0.750 ಎಂಬ ಅಂಕಿ, ಜೊತೆಗೆ ಸ್ವಿಸ್ ಮುದ್ರೆಯಾಗಿ ಒಬ್ಬ ಹೆಂಗಸಿನ ತಲೆ. 14 ಆದರೆ ಅಳಿಲು. ನಮ್ಮದರಲ್ಲಿ ಹೆಂಗಸೂ ಇಲ್ಲ, ಅಳಿಲೂ ಇಲ್ಲ. ಮುಚ್ಚಳ ಸ್ಟೀಲು. ಪಟ್ಟಿ ಸಿಕ್ಕಿಸುವ ಕೊಂಬುಗಳ ಮಧ್ಯೆ ಇರುವೆಯಷ್ಟು ಸಣ್ಣ ಅಕ್ಷರ: 20 ಮೈಕ್ರಾನ್. ಅಂದರೆ ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು. ಕೊಂಬಿನ ತುದಿಯಲ್ಲಿ ಅದೂ ಸವೆದು ಬೇರೆ ಲೋಹ ಇಣುಕುತ್ತಿತ್ತು. ಎಷ್ಟೋ ವರ್ಷ ಅದನ್ನು ಕೊಳೆ ಅಂದುಕೊಂಡು ಪಂಚೆಯ ತುದಿಯಲ್ಲಿ ಒರೆಸಿದ್ದೆ!

ಬ್ಯಾಂಕಿನಲ್ಲಿ ಬಡ ಹೆಂಗಸರ ಓಲೆ, ಮೂಗುತಿಯನ್ನೂ ಒರೆಗಲ್ಲಿಗೆ ಉಜ್ಜಿಸದೆ ಸಾಲ ಕೊಟ್ಟವನಲ್ಲ ನಾನು. ಅಪ್ಪನ ವಾಚನ್ನು ಮಾತ್ರ ಯಾರ ಕೈಗೂ ಕೊಟ್ಟಿರಲಿಲ್ಲ.

ತಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಕಲ್ಕತ್ತೆಗೆ ಹೋಗಿ ಅಣ್ಣ ವಾಚು ಬದಲಾಯಿಸಿದ ಅಂದುಬಿಟ್ಟರೆ? ನಿಜ ಹೇಳಬೇಕೆಂದರೆ, ಅದೊಂದೇ ಕಾರಣವಲ್ಲ. ಅದು ಚಿನ್ನವಾಗಿದ್ದಷ್ಟು ದಿನ ಅಪ್ಪ ನನಗೇ ಹೆಚ್ಚು ಕೊಟ್ಟರು ಎಂಬ ಒಂದು ಜಂಬ ನನಗಿತ್ತು. ಹೀಗೇ ನಾಲ್ಕು ವರ್ಷ ಕಳೆಯಿತು.

1998ರಲ್ಲಿ ಮತ್ತೆ ವರ್ಗದ ಆರ್ಡರು ಬಂತು. ಹೊರಡುವ ಹಿಂದಿನ ರಾತ್ರಿ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನು ಮಾಡಿ, ಮುದುಕ ತೋರಿಸಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಸದ್ದಿಲ್ಲ. ಮೀಟರು ಓಡುತ್ತಾ ಇತ್ತು.

'ಈಗ ಓಡ್ತದಾ?' ಅಂತ ಕೇಳಿದ ತಮ್ಮ.

'ಓಡ್ತದೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳ್ತದೆ.'

'ಅಪ್ಪನ ಕೈಯಲ್ಲೂ ಹಾಗೇ ಬೀಳ್ತಿತ್ತು' ಅಂದ.