ಬುತ್ತಿ ಡಬ್ಬಿ ಹಿಡಿದು ನಿಂತ ಹಾಡುಗಾರ

ಪೀಣ್ಯದ ಒಂದೇ ರೂಮಿನಲ್ಲಿ ನಾವು ಮೂವರಿದ್ದೇವೆ. ಮೂವರೂ ನಮ್ಮ ನಮ್ಮ ಮನೆಗೆ ಮೊದಲ ಡಿಗ್ರಿ ತಂದವರು. ಹಗಲು ಫ್ಯಾಕ್ಟರಿ, ರಾತ್ರಿ ಪದ್ಯ. ಮೂವರ ಪದ್ಯ ಸೇರಿಸಿದ ಪುಸ್ತಕ ಅಚ್ಚಿಗೆ ಹೋಗಿದೆ. ಹಿಂಬದಿಯ ರಕ್ಷಾಪುಟಕ್ಕೆ ಫೋಟೋ ಬೇಕೆಂದರು. ಒಂದೇ ಕೋಟು ಎರವಲು ತಂದು, ಒಬ್ಬರಾದ ಮೇಲೊಬ್ಬರು ಹಾಕ್ಕೊಂಡು ಸ್ಟುಡಿಯೋದಲ್ಲಿ ಕೂತೆವು. ಮೂರು ಫೋಟೋದಲ್ಲೂ ಕೋಟು ಚೆನ್ನಾಗಿ ಬಂದಿತ್ತು. ನಾವು ಬಂದಿರಲಿಲ್ಲ.

ಆ ವಾರವೇ ಗೆಳೆಯನೊಬ್ಬ ಮೊಬೈಲಿಗೆ ಒಂದು ಹಳೇ ಆಲ್ಬಂ ಕಳಿಸಿದ. ಅಮೆರಿಕದ ಕಪ್ಪು ಜನರ ಸೋಲ್ ಹಾಡುಗಾರ ಬಿಲ್ ವಿದರ್ಸ್‌ನ ಮೊದಲ ಆಲ್ಬಂ, 1971ರದ್ದು. ಹೆಸರು 'ಜಸ್ಟ್ ಆಸ್ ಐ ಆ್ಯಮ್'. ಇದ್ದ ಹಾಗೇ ನಾನು, ಅಂತ. ಹಾಡು ಕೇಳುವ ಮೊದಲೇ ಹೊದಿಕೆಯ ಚಿತ್ರ ನಮ್ಮನ್ನು ಹಿಡಿದು ನಿಲ್ಲಿಸಿತು. ಇಟ್ಟಿಗೆ ಗೋಡೆ. ಅದರ ಪಕ್ಕ ಊಟದ ಡಬ್ಬಿ ಹಿಡಿದು ನಿಂತ ಆಳು. ಸ್ಟುಡಿಯೋ ಅಲ್ಲ, ಅವನು ದುಡಿಯುತ್ತಿದ್ದ ಫ್ಯಾಕ್ಟರಿ. ಏನು ಕೆಲಸ? ಬೋಯಿಂಗ್ 747 ವಿಮಾನದ ಕಕ್ಕಸು ಜೋಡಿಸೋದು. ಕಕ್ಕಸು ಅನ್ನೋ ಮಾತು ಬಂದ ಕೂಡಲೇ ಮೂವರೂ ಮುಖ ಮುಖ ನೋಡಿಕೊಂಡೆವು. ಯಾಕೆಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನ ಬಣ್ಣ ಬೇರೆ, ನಮ್ಮ ಕೇರಿ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು, ಗೊತ್ತು. ಆದರೂ ಆ ಡಬ್ಬಿ ನಮ್ಮದೇ ಅನ್ನಿಸಿತು.

ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲಿನ ಊರಲ್ಲಿ 1938ರಲ್ಲಿ ಹುಟ್ಟಿದವನು. ಅಪ್ಪ ಗಣಿ ಕೆಲಸ, ಅವ್ವ ಕಂಡೋರ ಮನೆ ಕೆಲಸ. ಹುಡುಗನಿಗೆ ಮಾತು ಉಗ್ಗುತ್ತಿತ್ತು. ಒಂಬತ್ತು ವರ್ಷ ನೌಕಾಪಡೆ, ಆಮೇಲೆ ಲಾಸ್ ಏಂಜಲೀಸ್. ಸ್ವಂತ ದುಡ್ಡಲ್ಲಿ ಹಾಡು ಮುದ್ರಿಸಿಕೊಂಡು ಬಾಗಿಲು ಬಾಗಿಲು ತಟ್ಟಿದ. ಆಲ್ಬಂ ಬಂದಾಗ ವಯಸ್ಸು 32. ಅದನ್ನು ಮಾಡಿಸಿದವನು ಬುಕರ್ ಟಿ. ಜೋನ್ಸ್. ದುಡ್ಡಿಲ್ಲದೆ ನಡುವೆ ಆರು ತಿಂಗಳು ಕೆಲಸ ನಿಂತಿತ್ತು. ಸ್ಟುಡಿಯೋಗೆ ಬಂದ ವಿದರ್ಸ್, ಈ ಹಾಡು ಹಾಡೋರು ಯಾರು ಎಂದು ಕೇಳಿದನಂತೆ. ನೀನೇ ಅಂದನಂತೆ ಜೋನ್ಸ್. ನಮ್ಮಲ್ಲಿ ಎಷ್ಟು ಜನ ಹೀಗೆ ಕೇಳಿಲ್ಲ! ಬರೆದದ್ದು ನಾವೇ ಆದರೂ ಓದೋರು ಬೇರೆ ಯಾರೋ ಇರಬೇಕು ಅಂತ ಹಿಂದೆ ಸರಿದು ನಿಂತವರು ನಾವು.

12 ಹಾಡಲ್ಲಿ 10 ಅವನವೇ. 'ಏಂಟ್ ನೋ ಸನ್‌ಶೈನ್' ಹಾಡಿನ ನಡುವೆ ಒಂದೇ ಪುಟ್ಟ ಮಾತು 26 ಸಲ ಬರ್ತದೆ. ಅಲ್ಲಿ ಬೇರೆ ಸಾಲು ತುಂಬಬೇಕೆಂದಿದ್ದ. ಜೊತೆಯ ವಾದ್ಯಗಾರರು ಹಾಗೇ ಇರಲಿ ಅಂದರು. ಉಗ್ಗುವ ಹುಡುಗ ಒಂದೇ ಮಾತಲ್ಲಿ ಸಿಕ್ಕಿಕೊಂಡರೆ ಜನ ನಗ್ತಾರೆ. ಇಲ್ಲಿ ಅದೇ ಜನ ಉಸಿರು ಹಿಡಿದು ಕೇಳಿದರು. ನಮಗೆ ಹಾಗೆ ಕೇಳಿಸಿತು. ರೆಕಾರ್ಡಿನ ಹಿಂಬದಿಗೆ ಹಾಕಿದ್ದ ಹಾಡು ಅದು. ರೇಡಿಯೋದವರು ತಟ್ಟೆ ತಿರುವಿ ಹಾಕಿದರು. 1972ರಲ್ಲಿ ಗ್ರ್ಯಾಮಿ ಬಂತು.

'ಗ್ರಾಂಡ್‌ಮಾಸ್ ಹ್ಯಾಂಡ್ಸ್' ಎರಡೇ ನಿಮಿಷದ ಹಾಡು. ಚರ್ಚಿನಲ್ಲಿ ಚಪ್ಪಾಳೆ ತಟ್ಟುವ, ಕೆಲವೊಮ್ಮೆ ನೋವಿಂದ ಊದಿಕೊಳ್ಳುವ ಅಜ್ಜಿಯ ಕೈ. ನಮ್ಮ ಪದ್ಯಗಳಲ್ಲಿ ನಮ್ಮಜ್ಜಿಯರ ಕೈ 'ಶ್ರಮ' ಅನ್ನೋ ದೊಡ್ಡ ಶಬ್ದವಾಗಿಬಿಟ್ಟಿದೆ. ಅವನ ಹಾಡಲ್ಲಿ ಅದು ಕೈಯಾಗಿಯೇ ಉಳಿದಿದೆ. ನಾಚಿಕೆಯಾಯಿತು. ಅಚ್ಚಿಗೆ ಹೋದ ಎರಡು ಪದ್ಯ ವಾಪಸು ತರಿಸಿದೆವು.

ಫೋಟೋ ಮಾತು ಮತ್ತೆ ಬಂತು. ನಮ್ಮಲ್ಲೊಬ್ಬ ತಕರಾರು ತೆಗೆದ. "ಡಬ್ಬಿ ಹಿಡಕೊಂಡು ನಿಂತರೆ ಜನ ಡಬ್ಬಿ ನೋಡ್ತಾರೆ ಕಣ್ರೋ, ಪದ್ಯ ಓದಲ್ಲ. ಅಯ್ಯೋ ಪಾಪ ಅಂತಾರೆ." ಸುಳ್ಳಲ್ಲ. ರಾತ್ರಿ ಇಡೀ ಜಗಳ. ಕೊನೆಗೆ ಆ ಹೊದಿಕೆಯನ್ನೇ ಮತ್ತೆ ನೋಡಿದೆವು. ಅಲ್ಲಿ ಬೇಡುವ ಮುಖವಿಲ್ಲ. ಹಾಡಿನ ವ್ಯಾಪಾರವನ್ನು ನಂಬಿ ಕೂಲಿ ಬಿಡಬಾರದು ಅಂದುಕೊಂಡವನ ಮುಖ ಅದು. ಮುಂದೆ ಕಂಪನಿಯ ಧಣಿಗಳು ಹೀಗೆ ಹಾಡು, ಹಾಗೆ ಹಾಡು ಅನ್ನತೊಡಗಿದಾಗ ರೋಸಿಹೋದ. 1985ರ ಆಲ್ಬಮ್ಮೇ ಕೊನೆ. 2020ರಲ್ಲಿ ತೀರಿಕೊಳ್ಳೋವರೆಗೂ ಇನ್ನೊಂದು ಮಾಡಲಿಲ್ಲ.

ಕೋಟಿಗೆ ಇಸ್ತ್ರಿ ಮಾಡಿಸಿ ವಾಪಸು ಕೊಟ್ಟೆವು. ಬರೋ ಸೋಮವಾರ ಊಟದ ಹೊತ್ತಿಗೆ ಫ್ಯಾಕ್ಟರಿ ಗೇಟಿನ ಹತ್ತಿರ ಫೋಟೋ. ತಕರಾರು ತೆಗೆದವನೂ ಬರ್ತಾನೆ. ಡಬ್ಬಿ ಮಾತ್ರ ಹಿಡಿಯಲ್ಲವಂತೆ. ಬೇಡ ಬಿಡಿ. ಅವನಿದ್ದ ಹಾಗೆ ಅವನು ನಿಲ್ಲಲಿ.