ಅಕ್ಷರದ ತೂಕ

ಕತ್ತಿ ಎಂದರೆ ನನಗೆ ಗೊತ್ತಿದ್ದುದು ಎರಡೇ. ಒಂದು, ಹಿತ್ತಿಲಿನಲ್ಲಿ ಎಳನೀರು ಕೆತ್ತಲು ಇಟ್ಟುಕೊಂಡಿರುವ ಮಚ್ಚು. ಇನ್ನೊಂದು, ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಒನಕೆ ಓಬವ್ವನ ಎದುರು ಶತ್ರು ಸೈನಿಕರು ಹಿಡಿಯುವ, ರಟ್ಟಿಗೆ ಬೆಳ್ಳಿ ಕಾಗದ ಅಂಟಿಸಿದ ಖಡ್ಗ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟಿದ್ದೇನೆ, ಎಷ್ಟೋ ಯುದ್ಧಗಳ ಇಸವಿ ಬಾಯಿಪಾಠ ಮಾಡಿಸಿದ್ದೇನೆ. ಆದರೆ ನಿಜವಾದ ಕತ್ತಿಯೊಂದನ್ನು ಹತ್ತಿರದಿಂದ ನೋಡಿದ್ದು 58ನೇ ವಯಸ್ಸಿನಲ್ಲಿ, ಅದೂ ಜರ್ಮನಿಯಲ್ಲಿ.

ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಡುಸೆಲ್‌ಡಾರ್ಫಿಗೆ ಹೋಗಿದ್ದೆ. ಊರಿನಿಂದ ಹೊರಡುವಾಗಲೇ ನಾದಿನಿ, ಓರಗಿತ್ತಿ ಎಲ್ಲರೂ "ಅಲ್ಲಿನ ಚಾಕು ಬಹಳ ಚೆನ್ನಾಗಿರುತ್ತಂತೆ, ಒಂದು ತನ್ನಿ" ಎಂದಿದ್ದರು. ಅದಕ್ಕೇ ಮಗಳು ಹತ್ತಿರದ ಸೋಲಿಂಗೆನ್ ಎಂಬ ಊರಿಗೆ ಕರೆದುಕೊಂಡು ಹೋದಳು. ಚನ್ನಪಟ್ಟಣಕ್ಕೆ ಬೊಂಬೆ ಹೇಗೋ ಆ ಊರಿಗೆ ಚಾಕು, ಕತ್ತರಿ, ಕತ್ತಿ ಹಾಗೆ. ಮಧ್ಯಯುಗದಿಂದಲೂ ಅಲ್ಲಿ ಅದೇ ಕಸುಬು. ಬೇರೆಲ್ಲೋ ಮಾಡಿದ ಚಾಕಿಗೆ ಆ ಊರಿನ ಹೆಸರು ಹಾಕಿ ಮಾರಬಾರದೆಂದು 1938ರಲ್ಲಿಯೇ ಕಾನೂನು ಮಾಡಿದ್ದಾರೆ. ಗ್ರೆಫ್ರಾತ್ ಎಂಬ ಬಡಾವಣೆಯಲ್ಲಿ, ಹಿಂದೆ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡದಲ್ಲಿ, ಅಲಗುಗಳದ್ದೇ ಒಂದು ಮ್ಯೂಸಿಯಂ ಇದೆ. ಅದನ್ನು ನೋಡಿಕೊಂಡು, ಚಾಕುಗಳನ್ನೂ ಕೊಂಡು, ಹಿಂದಿರುಗುವ ದಾರಿಯಲ್ಲಿ ಹಳೆಯ ಸಾಮಾನುಗಳ ಒಂದು ಅಂಗಡಿಗೆ ಹೊಕ್ಕೆವು.

ಅಂಗಡಿಯಾತ ವಯಸ್ಸಾದವರು. ಸೀರೆಯುಟ್ಟ ನನ್ನನ್ನು ನೋಡಿ ಅವರಿಗೆ ಉತ್ಸಾಹ ಬಂದಿರಬೇಕು, ಒಳಗಿನಿಂದ ಒಂದು ಉದ್ದನೆಯ ಕತ್ತಿ ತಂದು ಮಖಮಲ್ಲಿನ ಮೇಲೆ ಮಲಗಿಸಿದರು. ಕೈಸರನ ಕಾಲದ್ದು, ಅಂದರೆ 1918ಕ್ಕೂ ಮೊದಲಿನದು. ಹಿಡಿಯ ತುದಿಯಲ್ಲಿ ಸಿಂಹದ ತಲೆ, ಅದರ ಕಣ್ಣಿಗೆ ಕೆಂಪು ಗಾಜು. ಹಿಡಿಗೆ ಮೀನಿನ ಒರಟು ಚರ್ಮ ಸುತ್ತಿ, ಮೇಲೆ ಹೊಸೆದ ಚಿನ್ನದ ಬಣ್ಣದ ತಂತಿ ಬಿಗಿದಿದ್ದರು. ಅಲಗಿನ ತುಂಬ ನೀರಿನ ಅಲೆಯಂತೆ ಸಣ್ಣ ಸಣ್ಣ ಗೆರೆಗಳು. ಕಬ್ಬಿಣ, ಉಕ್ಕುಗಳನ್ನು ಪದರ ಪದರವಾಗಿ ಕಾಯಿಸಿ ಬಡಿದು, ತಿರುಚಿ, ಮತ್ತೆ ಬಡಿದು ಮಾಡಿದ ಅಲಗಂತೆ ಅದು. ಆಮ್ಲದಲ್ಲಿ ಅದ್ದಿದಾಗ ಗೆರೆಗಳು ಮೂಡುತ್ತವೆ. ಸಾದಾ ಉಕ್ಕಿನ ಮೇಲೆ ಬರೀ ಗೆರೆ ಕೊರೆದು ಮೋಸ ಮಾಡುವವರೂ ಇದ್ದಾರಂತೆ. ಅಂಥದ್ದನ್ನು ಉಜ್ಜಿದರೆ ಗೆರೆ ಹೋಗಿಬಿಡುತ್ತದೆ. ನಿಜವಾದದ್ದನ್ನು ಎಷ್ಟು ಉಜ್ಜಿದರೂ, ಆಮ್ಲ ತಾಕಿಸಿದರೆ ಮತ್ತೆ ಏಳುತ್ತದೆ, ಏಕೆಂದರೆ ಅದು ಒಳಗಿನಿಂದಲೇ ಬಂದದ್ದು.

ಹಿಡಿಯ ಬಳಿ ಅಲಗು ಕಡುನೀಲಿಯಾಗಿತ್ತು. ಆ ನೀಲಿಯ ಮೇಲೆ ಚಿನ್ನದ ಅಕ್ಷರಗಳು. ಮಗಳು ಓದಿ ಹೇಳಿದಳು: ರೆಜಿಮೆಂಟು ಬಿಟ್ಟು ಹೋಗುವ ಅಧಿಕಾರಿಗೆ ಜೊತೆಯವರು ಚಂದಾ ಹಾಕಿ ಕೊಟ್ಟ ಕತ್ತಿ. ಕೆಳಗೆ ಸಾಲಾಗಿ ಕೊಟ್ಟವರ ಹೆಸರುಗಳು.

"ಇದು ಹೊಡೆದಾಡುವ ಕತ್ತಿಯಲ್ಲ, ಬೀಳ್ಕೊಡುಗೆಯದು" ಎಂದರು ಅಂಗಡಿಯವರು. ಸೋಲಿನ ನಂತರ 1945ರಲ್ಲಿ ಜನರೆಲ್ಲ ಆಯುಧ ಒಪ್ಪಿಸಬೇಕಾಯಿತು. ಇಂಥ ಎಷ್ಟೋ ಕತ್ತಿಗಳು ಗೆದ್ದ ಸೈನಿಕರ ಚೀಲ ಸೇರಿ ಅಮೆರಿಕ, ಇಂಗ್ಲೆಂಡಿಗೆ ಹೋದವು. ಈಗ ಸಂಗ್ರಹಕಾರರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಬೆಲೆ ನಾಲ್ಕು ಸಾವಿರ ಯೂರೋ ಎಂದರು. ನಾನು ಬೆಚ್ಚಿದ್ದನ್ನು ಕಂಡು ನಕ್ಕು, "ಹೆಸರುಗಳಿಲ್ಲದಿದ್ದರೆ ಇದರ ಅರ್ಧವೂ ಬರುತ್ತಿರಲಿಲ್ಲ" ಎಂದರು.

ಮಗಳು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸೆಖೆ ಎಂದು ನೆಪ ಹೇಳಿ ಹೊರಗೆ ಬಂದುಬಿಟ್ಟೆ.

2006ರಲ್ಲಿ ನನಗೆ ವರ್ಗವಾದಾಗ ಹತ್ತನೇ ತರಗತಿಯ ಹುಡುಗಿಯರು ಅಂಗೈಯಗಲದ ಒಂದು ಬೆಳ್ಳಿ ತಟ್ಟೆ ಕೊಟ್ಟಿದ್ದರು. ತಲಾ ಐವತ್ತು ರೂಪಾಯಿ. ಬೀಡಿ ಕಟ್ಟುವವರ, ಗಾರೆ ಕೆಲಸದವರ ಮಕ್ಕಳಿಗೆ ಆಗ ಐವತ್ತು ರೂಪಾಯಿ ಸಣ್ಣ ಮೊತ್ತವಲ್ಲ. ತಟ್ಟೆಯ ಹಿಂಬದಿಯಲ್ಲಿ ಹತ್ತೊಂಬತ್ತು ಹೆಸರು ಕೆತ್ತಿಸಿದ್ದರು. ಒಂದೇ ಹೆಸರಿನವರು ಇಬ್ಬರಿದ್ದುದರಿಂದ ಅವರದು ಇನಿಷಿಯಲ್ ಸಮೇತ. 2013ರಲ್ಲಿ ಮಗಳ ಇಂಜಿನಿಯರಿಂಗ್ ಫೀಸಿಗೆ ಹಣ ಸಾಲದೆ ನನ್ನ ಎರಡು ಬಳೆ, ಅತ್ತೆಯವರ ಬೆಳ್ಳಿ ಚೊಂಬು, ಆ ತಟ್ಟೆ ಮೂರನ್ನೂ ಪೇಟೆಗೆ ಒಯ್ದೆ. ಅಂಗಡಿಯವನು ತಕ್ಕಡಿಗೆ ಹಾಕುವಾಗ, ಏನು ಹೇಳಬೇಕೆಂದು ತೋಚದೆ "ಅದರಲ್ಲಿ ಹೆಸರುಗಳಿವೆ" ಎಂದೆ. "ಅಕ್ಷರಕ್ಕೆ ತೂಕ ಇಲ್ಲ ಮೇಡಂ" ಎಂದ. ಪಾಪ, ಅವನದೇನು ತಪ್ಪು? ಅವನ ತಕ್ಕಡಿಗೆ ಅದು ನಿಜವೇ.

ಮಾರಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಮನೆ ನಡೆಸುವ ಹೆಂಗಸರು ಯಾರು ತಾನೇ ಹೀಗೆ ಮಾಡಿಲ್ಲ, ನೀವೇ ಹೇಳಿ. ನಾಚಿಕೆ ಆದದ್ದು ನಂತರ. ಆ ತಂಡದ ಹುಡುಗಿಯೊಬ್ಬಳು ಮಗುವನ್ನು ಎತ್ತಿಕೊಂಡು ಮನೆಗೆ ಬಂದವಳು, "ಮಿಸ್, ನಮ್ಮ ತಟ್ಟೆ ಇದೆಯಾ?" ಎಂದು ಕೇಳಿದಳು. "ಬ್ಯಾಂಕಿನ ಲಾಕರಿನಲ್ಲಿದೆಯಮ್ಮ" ಎಂದೆ. ಸುಳ್ಳು ಹೇಳಬಾರದೆಂದು ಅವಳಿಗೆ ಕಲಿಸಿದವಳು ನಾನೇ.

ಅಂದು ರೈಲಿನಲ್ಲಿ ಮಗಳಿಗೆ ಇದನ್ನೆಲ್ಲ ಹೇಳಿದೆ. ತನ್ನ ಫೀಸಿನಲ್ಲಿ ಆ ತಟ್ಟೆಯೂ ಸೇರಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಆಮೇಲೆ ಮಾತು ಬದಲಿಸಲೆಂದೋ ಏನೋ, ಟಿಪ್ಪುವಿನ ಕತ್ತಿಯ ವಿಷಯ ತೆಗೆದಳು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅದಕ್ಕೆ 1 ಕೋಟಿ 40 ಲಕ್ಷ ಪೌಂಡು ಬಂದದ್ದು ಪತ್ರಿಕೆಯಲ್ಲಿ ನಾನೂ ಓದಿದ್ದೆ. ಅದೂ ಒಂದು ರೀತಿಯಲ್ಲಿ ಉಡುಗೊರೆಯ ಕತ್ತಿಯೇ. ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಮೇಲೆ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್, 1799ರಲ್ಲಿ ಅದೇ ಕೋಟೆಗೆ ಲಗ್ಗೆ ಹಾಕಿದಾಗ ಮುಂದಾಳಾಗಿದ್ದ. ಟಿಪ್ಪುವಿನ ಮಲಗುವ ಕೋಣೆಯ ಕತ್ತಿಯನ್ನು ಸೈನ್ಯದವರು ಅವನಿಗೆ ಕೊಟ್ಟರು. ಜರ್ಮನಿಯ ಅಲಗುಗಳ ಮಾದರಿಯಲ್ಲಿ ನಮ್ಮ ದೇಶದ ಕಮ್ಮಾರರು ಮಾಡಿದ ಕತ್ತಿ ಅದು ಎಂದು ಹರಾಜಿನವರೇ ಹೇಳಿದ್ದಾರೆ. ಕೊಟ್ಟವರಾರು, ಪಡೆದವರಾರು, ಯಾರದನ್ನು ಕೊಟ್ಟರು ಎಂಬುದಕ್ಕೇ ಅಷ್ಟೊಂದು ಹಣ. ಬರೀ ಉಕ್ಕಿಗಲ್ಲ.

ಮನೆಗೆ ಬಂದು ಚಾಕು ಕೊಂಡ ರಸೀದಿಯ ಹಿಂದೆ ಹುಡುಗಿಯರ ಹೆಸರು ಬರೆಯತೊಡಗಿದೆ. ಹಾಜರಿ ಪುಸ್ತಕದ ಕ್ರಮದಲ್ಲಿ ನೆನೆದರೆ ಬೇಗ ಬಂದವು. ಹದಿನೈದಕ್ಕೆ ನಿಂತುಹೋಯಿತು.

ಊರಿಗೆ ಬಂದ ಮೇಲೆ ಧೈರ್ಯ ಮಾಡಿ ಅದೇ ಹುಡುಗಿಗೆ ಫೋನು ಮಾಡಿದೆ. ತಟ್ಟೆ ಲಾಕರಿನಲ್ಲಿಲ್ಲ, ಮಾರಿದೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಂತರ ಅವಳು, "ನಾನೂ ಒಂದು ಹೇಳಲಾ ಮಿಸ್? ಆಗ ನಾನು ಐವತ್ತು ರೂಪಾಯಿ ಕೊಟ್ಟಿರಲೇ ಇಲ್ಲ. ಮನೆಯಲ್ಲಿ ಇರಲಿಲ್ಲ. ಪಕ್ಕದವಳು ನನ್ನದನ್ನೂ ಸೇರಿಸಿ ಕೊಟ್ಟು ಹೆಸರು ಹಾಕಿಸಿದಳು. ನಿಮಗೆ ಗೊತ್ತಾಗಿಬಿಟ್ಟರೆ ಎಂದು ಅಂದೆಲ್ಲ ಹೆದರಿಕೊಂಡಿದ್ದೆ" ಎಂದಳು. ಇಬ್ಬರೂ ನಕ್ಕೆವು. ನನ್ನ ಕಣ್ಣು ಒದ್ದೆಯಾಗಿತ್ತು. ಅವಳದೂ ಆಗಿತ್ತೋ ಏನೋ, ಫೋನಿನಲ್ಲಿ ಕಾಣುವುದಿಲ್ಲವಲ್ಲ.

ಅವಳು ಇನ್ನೂ ಮೂರು ಹೆಸರು ನೆನಪು ಮಾಡಿಕೊಟ್ಟಳು. ಹತ್ತೊಂಬತ್ತನೆಯದು ಇಬ್ಬರಿಗೂ ಹೊಳೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ, ಹೆಚ್ಚು ಮಾತನಾಡದ ಹುಡುಗಿ. ಮುಖ ಕಣ್ಣಿಗೆ ಕಟ್ಟಿದಂತಿದೆ, ಹೆಸರು ಬರುತ್ತಿಲ್ಲ. ರಸೀದಿಯನ್ನು ದೇವರ ಮನೆಯ ಗೂಡಿನಲ್ಲಿಟ್ಟಿದ್ದೇನೆ. ಕೊನೆಯ ಸಾಲು ಖಾಲಿ ಬಿಟ್ಟಿದ್ದೇನೆ.