ಮುತ್ತಜ್ಜ ಬಿನ್ ಯಾರು?

ಹತ್ತೊಂಬತ್ತನೆಯ ಶತಮಾನದ ಹಳ್ಳಿಯ ಬೇಸಾಯಗಾರನಿಗೆ ಜನ್ಮದಾಖಲೆಯೂ ಇರಲಿಲ್ಲ, ಇನಿಷಿಯಲ್ಲೂ ಇರಲಿಲ್ಲ. ಇದ್ದದ್ದು ಕಂದಾಯ. ಹಳೆ ಮೈಸೂರು ಸೀಮೆಯಲ್ಲಿ ಮುತ್ತಜ್ಜನ ಅಪ್ಪನನ್ನು ಹುಡುಕಹೊರಟವರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಬಾಗಿಲಲ್ಲಿ ನಿಲ್ಲುವುದು ಅದಕ್ಕೇ.

ಮನೆಯವರ ನೆನಪು ಬಹಳ ದೂರ ಹೋಗದು. ಶ್ರಾದ್ಧದಲ್ಲಿ ಹೆಸರು ಹಿಡಿದು ಕರೆಯುವುದು ಅಪ್ಪ, ಅಜ್ಜ, ಮುತ್ತಜ್ಜ, ಮೂರೇ ತಲೆ. ಅದರಾಚೆಯವರೆಲ್ಲ ಬರೀ 'ಹಿರಿಯರು'. ಸಾಲದ್ದಕ್ಕೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ಪತ್ರಗಳಲ್ಲಿ ಸಿದ್ದೇಗೌಡನ ಮಗ 'ನಂಜೇಗೌಡ ಬಿನ್ ಸಿದ್ದೇಗೌಡ' ಬರುತ್ತಾನೆ, ಆಮೇಲೆ 'ಸಿದ್ದೇಗೌಡ ಬಿನ್ ನಂಜೇಗೌಡ', ಮತ್ತೆ ಮೊದಲಿನವನೇ. ಇದನ್ನು ಬರೆದವನ ಮನೆಯಲ್ಲಿ ಹೀಗೆ ಒಂದೇ ಹೆಸರಿನ ಇಬ್ಬರನ್ನು ಒಬ್ಬನೇ ಎಂದು ನಂಬಿ, ಆತ ನೂರಾ ಹತ್ತು ವರ್ಷ ಬದುಕಿದ್ದನೆಂದು ಬಹುಕಾಲ ಬೀಗಿದ್ದುಂಟು.

ಕಾಲದ ಲೆಕ್ಕದಲ್ಲೂ ಇದೇ ಪಾಡು. ಸಂವತ್ಸರಗಳು ಅರವತ್ತು, 'ಧಾತು ಸಂವತ್ಸರದಲ್ಲಿ ಹುಟ್ಟಿದವನು' ಎಂದರೆ 1876 ಆಗಬಹುದು, 1936 ಕೂಡ ಆಗಬಹುದು. ಪತ್ರದಲ್ಲಿ ಶಕವರ್ಷವೂ ಇದ್ದರೆ 78 ಕೂಡಿಸಿ ಗಂಟು ಬಿಡಿಸಬಹುದು. ಆದರೆ ಮೊದಲನೆಯ ಧಾತುವನ್ನು ಗುರುತಿಸಲು ಲೆಕ್ಕವೇ ಬೇಡ, ಬರ ಸಾಕು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನ ಸೊರಗಿಹೋಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ ಸುಮಾರು 42 ಲಕ್ಷ. ಅನೇಕ ವಂಶಗಳ ಕೊಂಬೆ ಒಣಗಿದ್ದೂ, ಊರು ಬಿಟ್ಟವರು ಬೇರೆಲ್ಲೋ ಬೇರು ಬಿಟ್ಟದ್ದೂ ಆಗಲೇ. ಮನೆದೇವರು ಎರಡು ಮೂರು ತಾಲ್ಲೂಕು ಆಚೆಗಿದ್ದರೆ ಹಿರಿಯರು ಆ ಕಡೆಯಿಂದ ಗುಳೆ ಬಂದವರಿರಬಹುದೆಂದು ಊಹಿಸಬಹುದು. ದೇವರು ಇದ್ದಲ್ಲೇ ಉಳಿಯಿತು, ಒಕ್ಕಲು ನಡೆದುಬಂತು.

ಕಾಗದದ ದಾರಿ ಶಾನುಭೋಗರಿಂದ ಶುರು. ಹಳೆಯ ಲೆಕ್ಕ ಇರುತ್ತಿದ್ದುದು ಕಡತದಲ್ಲಿ: ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟದ್ದು. ಬರೆಯುವುದು ಬಳಪದಲ್ಲಿ, ಕಪ್ಪಿನ ಮೇಲೆ ಬಿಳಿ. ಒರೆಸಿ ಮತ್ತೆ ಬರೆಯಬಹುದಿತ್ತು, ಶಾನುಭೋಗರ ಕೈಯ ಬಲವೆಲ್ಲ ಅಲ್ಲೇ ಇತ್ತೆನ್ನಿ. 1863ರಲ್ಲಿ ಮೈಸೂರಿನಲ್ಲಿ ಸರ್ವೆ ಶುರುವಾದ ಮೇಲೆ ಹೊಲಕ್ಕೊಂದು ನಂಬರು ಬಿತ್ತು. ಸರ್ವೆಯವರ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಅಂದಿನ ಟಿಪ್ಪಣಿಯಲ್ಲಿ ಮುತ್ತಜ್ಜನ ಹೊಲದ ಬದು ಎಲ್ಲಿ ಬಾಗಿತ್ತು, ಖರಾಬು ಎಷ್ಟು ಎಂಬುದು ಆಣೆವರೆಗೆ ಸಿಗುತ್ತದೆ. ಆತ ಕುಳ್ಳನೋ ಉದ್ದನೋ, ಸಿಡುಕನೋ ನಗುಮೊಗದವನೋ ಸಿಗುವುದಿಲ್ಲ.

ಕಾಗದದಲ್ಲಿ ಸಿಗದ್ದನ್ನು ಅಷ್ಟಿಷ್ಟು ತಂದುಕೊಡುತ್ತಿದ್ದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು, ಜಗಲಿಯಲ್ಲಿ ಕೂತು, ಮನೆತನ ಯಾವ ಊರಿಂದ ಬಂತು, ಅಣ್ಣತಮ್ಮಂದಿರು ಎಷ್ಟು, ಯಾರ ಕುಡಿ ಎಲ್ಲಿ ಮುರಿಯಿತು ಎಂದು ಒಂದೇ ಉಸಿರಿಗೆ ಹೇಳಿ, ಕಾಳು ಕಡಿ ಹೊತ್ತೊಯ್ಯುವುದು ಅವರ ಕುಲವೃತ್ತಿ. ಕೊಟ್ಟ ಕೈ ಧಾರಾಳವಾದರೆ ವಂಶದ ಹಿರಿಮೆ ತುಸು ಉಬ್ಬುತ್ತದೆ ಎಂಬ ಗುಮಾನಿ ಇದ್ದದ್ದೇ. ಆದರೂ ಅವರ ಬಾಯಲ್ಲಿ ಬರುವ ಊರಿನ ಹೆಸರನ್ನು ಮನೆದೇವರ ಊರಿನೊಡನೆ ತಾಳೆ ನೋಡಬೇಕು. ಎರಡೂ ಕೂಡಿಬಂದರೆ ನಂಬಬಹುದು.

ಇಷ್ಟೆಲ್ಲ ಹುಡುಕಿದರೂ ಕೈಗೆ ಸಿಗದವರು ಹೆಂಗಸರು. ಮುತ್ತಜ್ಜಿಯ ತವರು ಗೊತ್ತಿದ್ದರೆ ಅದೇ ದೊಡ್ಡದು. ಗಂಡ ತೀರಿ ಮಕ್ಕಳು ಎಳೆಯರಾಗಿದ್ದಾಗ ಖಾತೆಯಲ್ಲಿ 'ಲಕ್ಷ್ಮಮ್ಮ ಕೋಂ ನಂಜೇಗೌಡ' ಎಂದು ಒಮ್ಮೆ ಕಾಣಿಸಿಕೊಳ್ಳುತ್ತಾಳೆ. ನಾಲ್ಕಾರು ಫಸಲಿ ಅವಳೇ ಕಂದಾಯ ಕಟ್ಟುತ್ತಾಳೆ. ಮಗ ಪ್ರಾಯಕ್ಕೆ ಬಂದ ವರ್ಷ ಆ ಹೆಸರಿನ ಮೇಲೆ ಒಂದು ಗೀಟು. ಕೆಳಗಿನ ಸಾಲಿನಿಂದ ಮತ್ತೆ 'ಬಿನ್'.